ಅಪ್ಪ ಓದಿದ ಬುರುಜನ ಕತೆ

ನಾನಿಲ್ಲದ ಹೊತ್ತಿನಲ್ಲಿ ಯಾರೋ ಪುಸ್ತಕ ತೆರೆದಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೊಲಿಗೆ ದಾರದ ಒಂದು ತುಂಡನ್ನು ಪುಟಗಳ ನಡುವೆ ಇಟ್ಟು, ತುದಿ ಉಗುರಿನಷ್ಟು ಹೊರಗೆ ಕಾಣುವಂತೆ ಬಿಟ್ಟು ಹೋಗಿದ್ದೆ. ಸಂಜೆ ಬಂದು ನೋಡಿದರೆ ದಾರ ಮೇಜಿನ ಕೆಳಗೆ ಬಿದ್ದಿತ್ತು. ಅಮ್ಮನಿಗೆ ಅಕ್ಷರ ಕಂಡರೆ ನಿದ್ದೆ ಬರುತ್ತದೆ. ನನ್ನ ತಮ್ಮ ಮನೆಗೆ ಬರುವುದು ಊಟಕ್ಕೆ, ನಿದ್ದೆಗೆ ಮಾತ್ರ. ಉಳಿದವನು ಅಪ್ಪ ಒಬ್ಬನೇ.

ನನಗೆ ಅನುಮಾನ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ತರಕಾರಿ ತೂಗುವವನ ಹೆಬ್ಬೆರಳು ಎಲ್ಲಿದೆ ಎಂದು ನೋಡದೆ ನಾನು ಯಾವತ್ತೂ ಚೀಲ ಬಿಚ್ಚಿದವಳಲ್ಲ. ಯಾರಾದರೂ ಕಾರಣವಿಲ್ಲದೆ ನನ್ನನ್ನು ಹೊಗಳಿದರೆ ಮೊದಲು ಕೈಚೀಲ ಮುಟ್ಟಿ ನೋಡಿಕೊಳ್ಳುತ್ತೇನೆ. ಇದರಿಂದ ನನಗೆ ಸ್ನೇಹಿತೆಯರು ಕಡಿಮೆ, ನಷ್ಟವೂ ಕಡಿಮೆ. ಆದರೆ ಅಪ್ಪನ ವಿಷಯದಲ್ಲಿ ನನ್ನ ಅನುಮಾನ ಹುಟ್ಟುಗುಣವಲ್ಲ. ಅದಕ್ಕೆ ಕಾರಣ ಇತ್ತು, ಇಡೀ ಬೀದಿಗೆ ಗೊತ್ತಿದ್ದ ಕಾರಣ.

ಅಪ್ಪ ಬಟ್ಟೆ ಗೋದಾಮೊಂದರ ಕಾವಲುಗಾರನಾಗಿದ್ದ. ಆಳೆಂದರೆ ಆಳು. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಹಮಾಲರು ತಮ್ಮ ಕೈಲಾಗದ ಮೂಟೆಗೆ ಅವನನ್ನು ಕೂಗಿ ಕರೆಯುತ್ತಿದ್ದರಂತೆ. ಒಂದು ಬೆಳಿಗ್ಗೆ ಗೋದಾಮು ತೆರೆದರೆ ಬೆಲೆಬಾಳುವ ಮೂಟೆಗಳೇ ಮಾಯ. ಹಿಂದಿನ ಓಣಿಯ ಕಡೆಯ ಬಾಗಿಲಿನ ಬೀಗವನ್ನು ಒಡೆದಿರಲಿಲ್ಲ, ಕೀಲಿಯಿಂದ ತೆಗೆದು, ಮರ್ಯಾದೆಯಾಗಿ ಮತ್ತೆ ಹಾಕಿ ಹೋಗಿದ್ದರು. ಆ ಬಾಗಿಲಿನ ಕೀಲಿ ಇದ್ದದ್ದು ಅಪ್ಪನ ಬಳಿ. ಗೋದಾಮಿನ ಯಜಮಾನರು ಹಳೆಯ ವಿಶ್ವಾಸಕ್ಕೆ ಕಟ್ಟುಬಿದ್ದು ಪೊಲೀಸರ ತನಕ ಹೋಗಲಿಲ್ಲ, ಕೆಲಸದಿಂದ ಮಾತ್ರ ತೆಗೆದರು. ಬೀದಿಯ ಮಕ್ಕಳು ಅವನನ್ನು ಕೀಲಿ ತಾತ ಎಂದು ಕರೆಯತೊಡಗಿದರು. ಅಮ್ಮ ಒಂದಿಡೀ ತಿಂಗಳು ನೀರಿಗೆ ಹೋಗುವಾಗ ತಲೆ ಎತ್ತಲಿಲ್ಲ. ನಾನು ನೇರವಾಗಿಯೇ ಕೇಳಿದ್ದೆ, "ಅಪ್ಪ, ನೀನೇನಾ?" ಎಂದು. "ಕೀ ನನ್ನ ಹತ್ರಾನೇ ಇತ್ತಲ್ಲ" ಎಂದ. ಇದೂ ಒಂದು ಉತ್ತರವೇ? ಅವತ್ತಿನಿಂದ ನಾನು ಸಂಬಳವನ್ನು ದಿಂಬಿನ ಕವರಿನೊಳಗೆ ಇಡುತ್ತೇನೆ.

ಈಗ ಪುಸ್ತಕದ ವಿಷಯ. ನಾನು ಕೆಲಸ ಮಾಡುವುದು ಮಾಂಗಾ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ಮಾಂಗಾ ಎಂದರೆ ಜಪಾನಿನ ಕಪ್ಪುಬಿಳುಪಿನ ಚಿತ್ರಕತೆ, ಒಂದೊಂದು ಸರಣಿಯೂ ಕಪಾಟಿನ ಒಂದು ಸಾಲು ತುಂಬುವಷ್ಟು ಉದ್ದ. ಕೊಟ್ಟು ತೆಗೆದುಕೊಳ್ಳುವುದು ಅಂಗಡಿಯಮ್ಮನ ಕೆಲಸ, ಹರಿದದ್ದನ್ನು ರಿಪೇರಿ ಮಾಡುವುದು ನನ್ನದು. ಬೆನ್ನು ಬಿಟ್ಟ ಪುಸ್ತಕಕ್ಕೆ ಗೋಂದು, ಮಡಚಿದ ಮೂಲೆಗೆ ಇಸ್ತ್ರಿ, ರಟ್ಟಿಗೆ ಪ್ಲಾಸ್ಟಿಕ್ಕು. ಎಲ್ಲ ಮುಗಿದ ಮೇಲೆ ರಟ್ಟಿನ ಮೇಲೊಂದು ಬಾಣದ ಚೀಟಿ ಅಂಟಿಸುತ್ತೇನೆ, ‘ಈ ಕಡೆಯಿಂದ ಓದಿ’ ಎಂದು. ಏಕೆಂದರೆ ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ನಾವು ಕೊನೆಯ ಪುಟ ಎಂದುಕೊಳ್ಳುವುದೇ ಅದರ ಮೊದಲ ಪುಟ. ಚೀಟಿ ಬಿದ್ದುಹೋದ ಪುಸ್ತಕ ಒಯ್ದ ಹೊಸಬರು ಮಾರನೆಯ ದಿನವೇ ಜಗಳಕ್ಕೆ ಬರುತ್ತಾರೆ. "ಏನ್ರೀ ಇದು, ಸತ್ತೋನು ಎದ್ದು ಕತ್ತಿ ಮಸೀತಾ ಕೂತಿದಾನೆ!" ಎಂದು ಒಬ್ಬರು ಕೂಗಾಡಿದ್ದು ಅಂಗಡಿಯಮ್ಮನಿಗೆ ಇವತ್ತಿಗೂ ನಗು ತರಿಸುತ್ತದೆ.

ನಾನು ರಿಪೇರಿಗೆಂದು ಮನೆಗೆ ತಂದದ್ದು ಬುರುಜನ ಸಂಪುಟ. ಅಂಗಡಿಯಲ್ಲಿ ಅದರಷ್ಟು ಹರಿಯುವ ಪುಸ್ತಕ ಇನ್ನೊಂದಿಲ್ಲ. ಕೋಟೆಯ ಬಾಗಿಲು ಕಾಯುವ ದೈತ್ಯ ಯೋಧ ಅವನು. ಕತೆಯಲ್ಲಿ ಅವನಿಗೆ ಬೇರೇನೋ ಉದ್ದದ ಹೆಸರಿದೆ, ಓದುಗರು ಬುರುಜ ಎಂದು ಕರೆದು ಕರೆದು ಅದೇ ಉಳಿದಿದೆ. ಯಾರನ್ನೋ ನಂಬಿ ದಿಡ್ಡಿ ಬಾಗಿಲಿನ ಕೀಲಿ ಕೊಡುತ್ತಾನೆ. ಕೀಲಿ ಹಿಂದಿರುಗಿ ಬರುತ್ತದೆ, ಆದರೆ ಮರುದಿನ ಆ ಬಾಗಿಲಿನಿಂದಲೇ ಶತ್ರುಗಳು ನುಗ್ಗುತ್ತಾರೆ. ಸಭೆಯಲ್ಲಿ ಅವನನ್ನು ದ್ರೋಹಿ ಎನ್ನುತ್ತಾರೆ. ಅವನು ವಾದಕ್ಕೆ ನಿಲ್ಲದೆ ಅದೇ ಬಾಗಿಲಿಗೆ ಹೋಗಿ ಒಬ್ಬನೇ ಹೋರಾಡಿ, ಕೊನೆಗೆ ಕದಕ್ಕೆ ಬೆನ್ನು ಕೊಟ್ಟು ಕೂತು ಸಾಯುತ್ತಾನೆ. ಹೆಣದ ಭಾರಕ್ಕೆ ಕದ ತೆರೆಯುವುದೇ ಇಲ್ಲ. ಆ ಪುಟ ಪ್ರತಿ ಸಲವೂ ಒದ್ದೆಯಾಗಿ ಅಂಟಿಕೊಂಡು ಬರುತ್ತದೆ, ಅದನ್ನು ಬಿಡಿಸುವುದೇ ನನಗೊಂದು ಕೆಲಸ.

ಆ ಸಲ ಹಳೆಯ ರಟ್ಟು ಪೂರ್ತಿ ಕಿತ್ತು ಬಂದಿತ್ತು. ಎರಡೂ ಕಡೆ ಬರಿಯ ಕಂದು ಕಾಗದ ಹಚ್ಚಿ ಒಣಗಲು ಇಟ್ಟಿದ್ದೆ. ಬಾಣದ ಚೀಟಿ ಇನ್ನೂ ಅಂಟಿಸಿರಲಿಲ್ಲ.

ಅಪ್ಪನಿಗೆ ಈ ಪುಸ್ತಕ ಏಕೆ ಬೇಕಾಯಿತು? ಮಾರುವುದಕ್ಕೆ ಎಂದು ನನ್ನ ತಲೆಗೆ ಥಟ್ಟನೆ ಹೊಳೆಯಿತು. ಅಂಥ ಸಂಪುಟಕ್ಕೆ ಹಳೆಯ ಪುಸ್ತಕದವರು ಬಾಯಿ ಬಾಯಿ ಬಿಡುತ್ತಾರೆ. ಮಾರನೆಯ ದಿನ ಮಧ್ಯಾಹ್ನ ತಲೆನೋವೆಂದು ಬೇಗ ಮನೆಗೆ ಬಂದೆ. ಮೇಜಿನ ಮೇಲೆ ಪುಸ್ತಕ ಇರಲಿಲ್ಲ, ಅಪ್ಪನೂ ಇರಲಿಲ್ಲ. ಸಂಜೆ ಹೊತ್ತಿಗೆ ಎರಡೂ ಬಂದವು. ಪುಸ್ತಕ ಇದ್ದ ಜಾಗಕ್ಕೆ, ಅಪ್ಪ ತನ್ನ ಕುರ್ಚಿಗೆ.

ಬೇರೆ ಸಮಯವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಅಂಗಡಿಯಮ್ಮ ಬಸ್ ನಿಲ್ದಾಣದ ಹತ್ತಿರ ಎರಡನೆಯ ಅಂಗಡಿ ತೆರೆಯುವವರಿದ್ದರು. ಬೆಳಿಗ್ಗೆ ಬಾಗಿಲು ತೆರೆದು, ಸಂಜೆ ಹಾಕಿ, ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುವ ಒಬ್ಬ ನಂಬಿಕಸ್ಥ ಬೇಕಿತ್ತು. ನಾನು ತಮ್ಮನ ಹೆಸರು ಹೇಳಿದೆ. ಅವನು ಬಾಯಿ ತೆರೆದರೆ ಬೆಣ್ಣೆ. ಯಾವ ಕೆಲಸದಲ್ಲೂ ನಿಲ್ಲಲಿಲ್ಲ ಎನ್ನುವುದೊಂದೇ ಕೊರತೆ, ಅದು ಸಿಕ್ಕ ಕೆಲಸಗಳ ತಪ್ಪು ಎಂದು ಅಮ್ಮ, ನಾನು ಇಬ್ಬರೂ ನಂಬಿದ್ದೆವು.

ಅಂಗಡಿಯಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತರು. "ಹುಡುಗ ಒಳ್ಳೆಯವನೇ ಇರ್ಬೋದು ಕಣಮ್ಮ. ಆದ್ರೆ ಕೀ ಇರೋದು ನಿಮ್ಮ ಮನೇಲಿ. ನಿಮ್ಮಪ್ಪ ಇರೋ ಮನೇಲಿ... ಬೇಜಾರು ಮಾಡ್ಕೋಬೇಡ, ಕೇಳ್ಬೇಕಾಯ್ತು."

ನನಗೆ ಸಿಟ್ಟು ಬಂತು, ಅವರ ಮೇಲಲ್ಲ, ಅಪ್ಪನ ಮೇಲೆ. "ನನ್ನ ತಮ್ಮ ಹಂಗಲ್ಲ ಮೇಡಂ. ಅಪ್ಪನ ನೆರಳೂ ಕೀ ಮೇಲೆ ಬೀಳದ ಹಾಗೆ ನಾನು ನೋಡ್ಕೋತೀನಿ. ಏನಾದ್ರೂ ಆದ್ರೆ ನನ್ನನ್ನ ಕೇಳಿ" ಎಂದೆ. ಅವರು ಒಪ್ಪಿದರು. ಸೋಮವಾರ ಕೀಲಿ ಕೊಡುವುದೆಂದು ಮಾತಾಯಿತು. ಅಂದರೆ ಇನ್ನು ಮುಂದೆ ಅಪ್ಪನ ಪ್ರತಿಯೊಂದು ನಡೆಗೂ ನಾನು ಹೊಣೆ.

ಹಾಗಾಗಿ ಹದ್ದಿನ ಕಣ್ಣಿಟ್ಟು ನೋಡತೊಡಗಿದೆ. ನೋಡಿದಷ್ಟೂ ಅನುಮಾನಕ್ಕೆ ಗೊಬ್ಬರ ಬಿದ್ದ ಹಾಗಾಯಿತು. ಮನೆಯ ಬಾಗಿಲಿನ ಕೀಲಿಯನ್ನು ಅಪ್ಪ ಸೊಂಟದ ದಾರಕ್ಕೆ ಕಟ್ಟಿಕೊಂಡೇ ಸ್ನಾನ ಮಾಡುತ್ತಿದ್ದ. ಕದ ಕಿರ್ ಎಂದರೆ ಸಾಕು, ಊಟದ ನಡುವೆಯೇ ಎದ್ದು ಹೋಗಿ ನೋಡಿ ಬರುತ್ತಿದ್ದ. ತಮ್ಮ ಎಷ್ಟು ಹೊತ್ತಿಗೆ ಬಂದರೂ ತಾನೇ ಎದ್ದು ತೆಗೆಯುತ್ತಿದ್ದನೇ ಹೊರತು ಅವನ ಕೈಗೊಂದು ಕೀಲಿ ಕೊಟ್ಟವನಲ್ಲ. "ಮೂವತ್ತರ ಹತ್ರ ಬಂದ ಮಗನಿಗೆ ಮನೆ ಕೀ ಕೊಡಲ್ಲ, ಇದೆಂಥ ಹಟ" ಎಂದು ಅಮ್ಮ ಗೊಣಗುತ್ತಿದ್ದಳು. ಅಧಿಕಾರ ಬಿಡಲು ಮನಸ್ಸಿಲ್ಲದ ಹಳೆಯ ಕಳ್ಳ ಎಂದು ನಾನು ತೀರ್ಮಾನಿಸಿದ್ದೆ.

ಶನಿವಾರ ಅಪ್ಪ ಸ್ನಾನಕ್ಕೆ ಹೋದಾಗ ಅವನ ಚೀಲ ತಡಕಿದೆ. ತಪ್ಪು ಎನ್ನುವವರು ಎನ್ನಲಿ. ಒಳಗೆ ಕಾಗದದಲ್ಲಿ ಸುತ್ತಿದ ಹೊಚ್ಚಹೊಸ ಬೀಗ ಇತ್ತು. ದಪ್ಪನೆಯ ಹಿತ್ತಾಳೆಯದು, ಅಂಗಡಿಯ ಷಟರಿಗೆ ಹಾಕುವಂಥದ್ದು. ಎರಡು ಕೀಲಿಗಳು ಸಣ್ಣ ತಂತಿಯಲ್ಲಿ ತೂಗುತ್ತಿದ್ದವು. ನಮ್ಮ ಮನೆಯಲ್ಲಿ ಷಟರಿಲ್ಲ. ಷಟರಿರುವುದು ಬಸ್ ನಿಲ್ದಾಣದ ಹತ್ತಿರದ ಹೊಸ ಅಂಗಡಿಗೆ. ಬೀಗ ಬದಲಾಯಿಸುವುದೋ, ತೆಗೆಯುವುದನ್ನು ಅಭ್ಯಾಸ ಮಾಡುವುದೋ, ಏನೋ ಒಂದು ಸಂಚು ನಡೆದಿದೆ ಎಂದುಕೊಂಡೆ.

ಭಾನುವಾರ ನನಗೆ ರಜೆ. ಅಪ್ಪ ಮಧ್ಯಾಹ್ನದ ಊಟ ಮುಗಿಸಿ ಚೀಲ ಹೆಗಲಿಗೇರಿಸಿದ. ಪುಸ್ತಕ ಮೇಜಿನಿಂದ ಮಾಯವಾಗಿತ್ತು. ನಾನು ಚಪ್ಪಲಿಯ ಸದ್ದು ಕೇಳಬಾರದೆಂದು ಬೆರಳ ತುದಿಯಲ್ಲಿ ನಡೆಯುತ್ತ ಹಿಂದೆ ಹೊರಟೆ. ಸೇತುವೆಯ ಹತ್ತಿರ ಹಳೆಯ ಪುಸ್ತಕ ಮಾರುವವರ ಸಾಲಿದೆ. ಅಪ್ಪ ಅದನ್ನು ದಾಟಿಕೊಂಡು ಹೋದ. ಹೊಸ ಅಂಗಡಿಯ ಮುಂದೆ ಮಾತ್ರ ನಿಂತ. ಷಟರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬಗ್ಗಿ, ಬೀಗ ಹಾಕುವ ಕೊಂಡಿಯನ್ನು ಎಳೆದು ಪರೀಕ್ಷಿಸಿದ. ಸಿಕ್ಕಿಬಿದ್ದ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಅವನು ಅಲ್ಲಿಂದ ಸರಿದು, ಬಸ್ ನಿಲ್ದಾಣದ ಹಿಂದಿನ ನೀರಿನ ಟ್ಯಾಂಕಿನ ನೆರಳಲ್ಲಿ ಸಿಮೆಂಟು ಬೆಂಚಿನ ಮೇಲೆ ಕೂತು ಪುಸ್ತಕ ತೆಗೆದ.

ಎದುರಿನ ಝೆರಾಕ್ಸ್ ಅಂಗಡಿಯ ಮರೆಯಿಂದ ನೋಡುತ್ತ ನಿಂತೆ. ಯಾರಿಗೋ ಕಾಯುತ್ತಿದ್ದಾನೆ, ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಬಿಸಿಲಲ್ಲಿ ಬೆಂದೆ. ಯಾರೂ ಬರಲಿಲ್ಲ. ಅಪ್ಪ ಒಂದೊಂದು ಪುಟದ ಮೇಲೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದ. ಒಮ್ಮೆ ತೊಡೆ ತಟ್ಟಿಕೊಂಡ. ಒಮ್ಮೆ ಪುಸ್ತಕ ಮುಚ್ಚಿ ಟ್ಯಾಂಕಿನ ಕಡೆ ನೋಡುತ್ತ ಕೂತ. ಕೊನೆಗೆ ನನಗೆ ತಡೆಯಲಾಗಲಿಲ್ಲ, ನೇರ ಹೋಗಿ ಎದುರಿಗೆ ನಿಂತೆ.

"ಏನಪ್ಪಾ ಇಲ್ಲಿ?"

ಅಪ್ಪ ಬೆಚ್ಚಿಬೀಳಲಿಲ್ಲ. "ಬಂದ್ಯಾ? ಆ ಝೆರಾಕ್ಸಿನೋನು ಒಳಗೆ ಕೂತ್ಕೋ ಅಂತಾದ್ರೂ ಅನ್ಬಾರ್ದಿತ್ತಾ. ಎಷ್ಟು ಹೊತ್ತು ಬಿಸಿಲಲ್ಲಿ ನಿಂತೆ" ಎಂದ. ಕಾವಲುಗಾರನ ಹಿಂದೆ ಬೆಕ್ಕಿನ ಹೆಜ್ಜೆ ಇಡಲು ಹೋದ ನನಗೆ ಸರಿಯಾಗಿಯೇ ಆಯಿತು.

"ಪುಸ್ತಕ ಯಾಕೆ ತಂದೆ?"

"ಓದೋಕೆ. ಪುಸ್ತಕ ಇನ್ಯಾಕೆ ತರ್ತಾರೆ? ಮನೇಲಿ ಓದಿದ್ರೆ ನಿಮ್ಮಮ್ಮ ನಗ್ತಾಳೆ, ಈ ವಯಸ್ಸಿಗೆ ಗೊಂಬೆ ಪುಸ್ತಕಾನಾ ಅಂತ."

"ಬೀಗ?"

ಅದನ್ನು ಚೀಲದಿಂದ ತೆಗೆದು ನನ್ನ ಕೈಗಿಟ್ಟ. "ನಿನಗೇ ತಂದಿದ್ದು. ಹೊಸ ಅಂಗಡಿಗೆ ಹಾಕಿಸು. ಅವರು ಹಾಕಿರೋದು ಬರೀ ತಗಡು, ಗುದ್ದಿದ್ರೆ ಬಿಚ್ಕೊಳುತ್ತೆ. ಇದಕ್ಕೆ ಎರಡು ಕೀ. ಎರಡೂ ನೀನೇ ಇಟ್ಕೋ."

"ತೆಗೆಯೋದು ಹಾಕೋದು ತಮ್ಮ. ನಾನ್ಯಾಕೆ ಇಟ್ಕೊಳ್ಳಿ?"

ಅಪ್ಪ ಪುಸ್ತಕ ಬಿಡಿಸಿದ. "ಇದನ್ನ ನೋಡು ಬಾ. ಏನು ಕತೆ ಅಂತೀಯ!" ಎಂದ. ಮಾತು ಮರೆಸುವ ಉಪಾಯ ಇದು ಎಂದು ಗೊತ್ತಾದರೂ ಪಕ್ಕದಲ್ಲಿ ಕೂತೆ. ಅವನು ತೋರಿಸಿದ್ದು ಬುರುಜ ಕದಕ್ಕೆ ಒರಗಿ ಸತ್ತ ಪುಟ. "ಶುರುವಿನಲ್ಲೇ ಆಸಾಮಿ ಸತ್ತು ಕೂತಿದಾನೆ. ಹಿಂಗೆ ಕತೆ ಶುರು ಮಾಡೋಕೆ ಗುಂಡಿಗೆ ಬೇಕು."

ಆಗ ನನಗೆ ಅರ್ಥವಾಯಿತು. ಕಂದು ಕಾಗದ, ಅಂಟಿಸದ ಚೀಟಿ. ಅಪ್ಪ ಕನ್ನಡ ಪುಸ್ತಕ ಓದುವ ಹಾಗೆ ಎಡದಿಂದ ಓದಿದ್ದ. ಅಂದರೆ ಇಡೀ ಕತೆಯನ್ನು ಕೊನೆಯಿಂದ ಮೊದಲಿಗೆ. ನಗು ಉಕ್ಕಿ ಬಂತು. ತಿದ್ದಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಅನುಮಾನದವರಿಗೆ ಬರುವ ವಿದ್ಯೆ ಒಂದೇ, ಎದುರಿನವರನ್ನು ಮಾತಾಡಲು ಬಿಡುವುದು.

"ಈ ಸಭೆ ನೋಡು" ಎಂದು ಪುಟ ತಿರುಗಿಸಿದ. "ಮೊದ್ಲು ದ್ರೋಹಿ ಅಂತ ತೀರ್ಪು ಕೊಡ್ತಾರೆ. ಆಮೇಲೆ ಏನಯ್ಯಾ ನಡೀತು ಅಂತ ಕೇಳ್ತಾರೆ. ಉತ್ತರ ಮೊದ್ಲು, ಪ್ರಶ್ನೆ ಆಮೇಲೆ. ದೊಡ್ಡ ಮನುಷ್ಯರ ವಿಚಾರಣೆ ಅಂದ್ರೆ ಹಿಂಗೇ. ಬರೆದೋನು ಯಾರೋ, ಎಲ್ಲಾ ಕಂಡೋನು."

"ಆಮೇಲೆ?"

"ಆಮೇಲೆ ಬಾಗಿಲು ತೆಗೆದು ಬಿಡೋ ಹುಡುಗ. ಇವನ ಸಾಕುಮಗ ಅವನು. ಇವನ ಹಿಂದೇನೇ ಓಡಾಡ್ಕೊಂಡಿರ್ತಾನೆ." ಅಪ್ಪನ ಬೆರಳು ಆ ಹುಡುಗನ ಮುಖದ ಮೇಲೆ ನಿಂತಿತು. "ಈಗ ಇಲ್ಲಿ, ಕೊನೇ ಪುಟದಲ್ಲಿ ನೋಡು. ಕೋಟೆ ಹೋಯ್ತು, ಮಾನ ಹೋಯ್ತು, ಜೀವಾನೂ ಹೋಯ್ತು. ಇಷ್ಟೆಲ್ಲಾ ಆದ್ಮೇಲೆ ಆ ಹುಡುಗ ಬಂದು ಕೈ ಚಾಚ್ತಾನೆ. ಇವನು ನಗ್ತಾ ಕೀ ತೆಗೆದು ಅವನ ಕೈಗಿಡ್ತಾನೆ. ಮತ್ತೆ! ಅವನ ಕೈಗೇ!"

"ಸತ್ತೋನು ಹೆಂಗಪ್ಪಾ ಕೀ ಕೊಡ್ತಾನೆ?"

"ಅಯ್ಯೋ, ಅದು ಮೇಲಿನ ಲೋಕ ಇರ್ಬೇಕು ಕಣೇ. ನೋಡು, ಒಂದು ಗಾಯ ಇಲ್ಲ ಮೈಮೇಲೆ. ಇಬ್ರೂ ಚಿಕ್ಕೋರಾಗಿ ಕಾಣ್ತಾರೆ. ಅದಕ್ಕೇ ಕೊಡೋಕಾಯ್ತು ಅವನಿಗೆ. ಬದುಕಿದ್ದಾಗ ಆಗಲ್ಲ ಅದು. ಒಂದ್ಸಲ ಹಂಗೆ ಮಾಡಿದ ಹುಡುಗನ ಕೈಗೆ ಮತ್ತೆ ಕೀ ಕೊಡೋದು ಅಂದ್ರೆ... ನನ್ನಿಂದ ಆಗ್ಲಿಲ್ಲ."

ಹೇಳಿದ ಮೇಲೆ ತನ್ನ ಮಾತು ಅವನಿಗೇ ಕೇಳಿಸಿರಬೇಕು. ಪುಸ್ತಕದ ಮೇಲಿದ್ದ ಬೆರಳು ಹಿಂದಕ್ಕೆ ಹೋಯಿತು.

ಸೊಂಟದ ದಾರ, ಊಟದ ನಡುವೆ ಏಳುವುದು, ತಮ್ಮನಿಗೆ ಕೊಡದ ಮನೆ ಕೀಲಿ, ಈಗ ನನ್ನ ಮಡಿಲಲ್ಲಿರುವ ಬೀಗ. ನಾನು ಇಷ್ಟು ದಿನ ಕೂಡಿಸಿಟ್ಟ ಸಾಕ್ಷಿಗಳೆಲ್ಲ ಒಂದೊಂದಾಗಿ ಅಪ್ಪನನ್ನು ಬಿಟ್ಟು ಬೇರೆ ಕಡೆ ಮುಖ ತಿರುಗಿಸಿದವು. ಅಪ್ಪ ಕೆಲಸದಲ್ಲಿದ್ದಾಗ ತಮ್ಮ ದಿನಾ ಸಂಜೆ ಗೋದಾಮಿಗೆ ಅಪ್ಪನ ಊಟದ ಡಬ್ಬಿ ಒಯ್ಯುತ್ತಿದ್ದ.

"ತಮ್ಮನಾ?" ಎಂದೆ.

ಅಪ್ಪ ಎದುರಿನ ಬಸ್ಸುಗಳ ಕಡೆ ತಿರುಗಿದ. "ನಾನು ಊಟ ಮಾಡೋವಾಗ ಕೀ ಗೊಂಚಲು ತಗೊಂಡು ಒಂದು ಸುತ್ತು ಹಾಕಿ ಬರ್ತಿದ್ದ, ಸಾಹೇಬರ ಥರ. ನನಗೂ ಖುಷಿ, ಮಗ ಕೆಲಸ ಕಲೀತಾನೆ ಅಂತ. ಒಂದಿನ ಕೀ ವಾಪಸ್ ಬಂದಾಗ ಸೋಪಿನ ವಾಸನೆ. ಹಲ್ಲಿನ ಸಂದೀಲಿ ಬಿಳೀದು ಮೆತ್ಕೊಂಡಿತ್ತು. ಕೈ ತೊಳ್ಕೊಂಡು ಮುಟ್ಟಿರ್ಬೇಕು ಅಂತ ಒರೆಸಿಟ್ಟೆ. ಸೋಪಿಗೆ ಒತ್ತಿ ಅಚ್ಚು ತಗೀತಾರೆ ಅಂತ ನನಗೆ ಗೊತ್ತಿಲ್ದೆ ಏನು, ಕಾವಲಿನೋನು ನಾನು. ಗೊತ್ತಿದ್ದೂ ನನ್ನ ಮಗನ ಮೇಲೆ ಹೊಳೀಲಿಲ್ಲ."

"ಯಜಮಾನ್ರಿಗೆ ಹೇಳ್ಬೋದಿತ್ತಲ್ಲ!"

"ಅವರು ಒಂದೇ ಮಾತು ಕೇಳಿದ್ರು. ಕೀ ಯಾವತ್ತಾದ್ರೂ ನಿನ್ನ ಕೈ ಬಿಟ್ಟು ಹೋಗಿತ್ತಾ ಅಂತ. ಇಲ್ಲ ಸ್ವಾಮಿ, ಒಂದಿನಾನೂ ಇಲ್ಲ ಅಂದೆ. ಅಷ್ಟೇ."

"ಅವನಿಗೆ ಗೊತ್ತಾ, ನಿನಗೆ ಗೊತ್ತಿರೋದು?"

"ಗೊತ್ತು. ಒಂದ್ಸಲ ಕಾಲು ಹಿಡಿದ. ಅವತ್ತಿಂದ ನನ್ನ ಮುಖ ನೋಡಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ತಮ್ಮನ ಮೇಲೆ ಏರಬೇಕಾದದ್ದು ಮೊದಲು ಅಪ್ಪನ ಮೇಲೇ ಏರಿತು. ಒಂದು ಮಾತು ನನಗೆ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ದಿಂಬಿನ ಕವರಿನೊಳಗೆ ಇಟ್ಟ ಸಂಬಳ ನೆನಪಾಯಿತು. ಅಪ್ಪ ಕೊಠಡಿಗೆ ಬಂದಾಗಲೆಲ್ಲ ನಾನು ಆ ದಿಂಬಿನ ಮೇಲೆ ಕೂತುಕೊಳ್ಳುತ್ತಿದ್ದೆ. ಅವನು ಅದನ್ನೂ ನೋಡಿರುತ್ತಾನೆ. ಝೆರಾಕ್ಸ್ ಅಂಗಡಿಯ ಮರೆಯಲ್ಲಿದ್ದ ನನ್ನನ್ನು ಕಂಡವನಿಗೆ ಅದು ಕಾಣದೆ ಇರುತ್ತದೆಯೇ? ಅಳು ಬಂತು, ಅತ್ತೆ. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು, ನೋಡಲಿ ಎಂದು ಅತ್ತೆ.

ಅಪ್ಪನಿಗೆ ಗಾಬರಿಯಾಯಿತು. "ಅಳಬೇಡ್ವೇ. ಕತೆ ಚೆನ್ನಾಗಿ ಮುಗಿಯುತ್ತಲ್ಲ, ಕೀ ಕೊಡ್ತಾನಲ್ಲ" ಎಂದು ಪುಸ್ತಕ ಮುಂದೆ ಹಿಡಿದ, ಚಿಕ್ಕ ಮಗುವಿಗೆ ಆಟಿಕೆ ಹಿಡಿದ ಹಾಗೆ.

ಅವನು ಓದಿಕೊಂಡ ಸುಳ್ಳು ಕೊನೆಯನ್ನೇ ಉಳಿಸಬಹುದಿತ್ತು. ಆದರೆ ಆ ಹೊತ್ತಿನಲ್ಲಿ ಇನ್ನೊಂದು ಸುಳ್ಳನ್ನು ನನ್ನಿಂದ ಸಹಿಸಲಾಗಲಿಲ್ಲ. ಪುಸ್ತಕ ತೆಗೆದುಕೊಂಡು ತಿರುಗಿಸಿ ಅವನ ತೊಡೆಯ ಮೇಲಿಟ್ಟೆ. "ಅಪ್ಪ, ಇದನ್ನ ಈ ಕಡೆಯಿಂದ ಓದ್ಬೇಕು. ನೀನು ಕೊನೆ ಅಂದ್ಯಲ್ಲ, ಅದೇ ಶುರು. ಕೀ ಕೊಡೋದು ಮೊದ್ಲು. ಬಾಗಿಲು ತೆಗೆಯೋದು ಆಮೇಲೆ. ಸಾಯೋದು ಕೊನೇಲಿ."

ಅವನು ಮೊದಲ ಪುಟ ನೋಡಿದ, ಮತ್ತೆ ಕೊನೆಯ ಪುಟಕ್ಕೆ ಹೋದ, ಮತ್ತೆ ಹಿಂದೆ ಬಂದ. ತುಟಿಗಳು ಅಲ್ಲಾಡುತ್ತಿದ್ದವು. "ಹಂಗಾದ್ರೆ ಕೀ ಕೊಟ್ಟಾಗ ಇವನಿಗೆ ಏನೂ ಗೊತ್ತಿರ್ಲಿಲ್ವಾ?"

"ಇಲ್ಲ."

"ಆಮೇಲೆ? ಹುಡುಗಾನೇ ತೆಗೆದಿದ್ದು ಅಂತ ತಿಳೀಲೇ ಇಲ್ವಾ? ಸಾಯೋವರೆಗೂ?"

"ಸಾಯೋವರೆಗೂ ತಿಳಿಯಲ್ಲ ಅಪ್ಪ. ಓದೋರಿಗೆ ಮಾತ್ರ ಗೊತ್ತು."

ಅಪ್ಪ ಸತ್ತು ಕೂತ ಆ ದೈತ್ಯನ ಚಿತ್ರವನ್ನು ಅಂಗೈಯಿಂದ ಸವರಿದ. "ಪುಣ್ಯವಂತ" ಎಂದು ಪುಸ್ತಕ ಮುಚ್ಚಿದ.

ಮನೆಗೆ ನಡೆಯುವಾಗ ನಾನೇ ಮಾತು ತೆಗೆದೆ. ಇವತ್ತು ಅಮ್ಮನ ಮುಂದೆ, ತಮ್ಮನ ಮುಂದೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ. ಅಪ್ಪ ಬೇಡವೆನ್ನಲಿಲ್ಲ. "ನಿನ್ನಿಷ್ಟ. ಆದ್ರೆ ಹೊಸ ಅಂಗಡಿ ಕೀ ಮಾತ್ರ ಅವನ ಕೈಗೆ ಬೇಡ. ಗೋದಾಮಿಗೆ ಕಾವಲು ನಾನಿದ್ದೆ, ನನ್ನ ತಲೆ ಮೇಲೆ ಬಂತು. ಇಲ್ಲಿ ಮಾತು ಕೊಟ್ಟಿರೋಳು ನೀನು" ಎಂದಷ್ಟೇ ಹೇಳಿದ. ನಮ್ಮ ಬೀದಿಗೆ ಬರುತ್ತಲೇ ಯಾವುದೋ ಮಗು ಕಿಟಕಿಯಿಂದ ಕೀಲಿ ತಾತಾ ಎಂದು ಕೂಗಿತು. ಅಪ್ಪ ಅದಕ್ಕೆ ಕೈ ಬೀಸಿದ.

ಊಟಕ್ಕೆ ನಾಲ್ವರೂ ಕೂತೆವು. ತಮ್ಮ ಕೂದಲು ಕತ್ತರಿಸಿಕೊಂಡು ಬಂದಿದ್ದ, ಹೊಸ ಅಂಗಡಿಗೆಂದು. ಅಮ್ಮ ಅವನ ತಟ್ಟೆಗೆ ಎರಡೆರಡು ಸಲ ಬಡಿಸುತ್ತ, "ನಾಳೆಯಿಂದ ನನ್ನ ಮಗ ಅಂಗಡಿ ತೆಗೆಯೋನು" ಎಂದು ಹಿಗ್ಗುತ್ತಿದ್ದಳು.

"ಅವನಿಗೆ ಕೀ ಕೊಡೋಕಾಗಲ್ಲಮ್ಮ. ಅಂಗಡಿಯಮ್ಮನಿಗೆ ನಾಳೆ ಹೇಳ್ಬಿಡ್ತೀನಿ" ಎಂದೆ.

ತಮ್ಮನ ಕೈ ಬಾಯಿಯ ಹತ್ತಿರವೇ ನಿಂತಿತು. "ಯಾಕಕ್ಕ? ನೀನೇ ತಾನೆ ಹೇಳಿದ್ದು?"

"ಹೌದು, ನಾನೇ ಹೇಳಿದ್ದೆ."

"ಮತ್ತೆ? ಅನುಮಾನನಾ ನನ್ನ ಮೇಲೆ?" ಎಂದು ನಕ್ಕ. ನಗು ಬಾಯಿಯಲ್ಲಿತ್ತು, ಕಣ್ಣು ನನ್ನ ಮುಖವನ್ನು ಹುಡುಕುತ್ತಿತ್ತು. ಇಷ್ಟು ವರ್ಷ ಎಲ್ಲರ ಕಣ್ಣನ್ನೂ ಅಳೆದ ನಾನು ಆ ಕಣ್ಣನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನನಗೆ ಹೆದರಿಕೆಯೇ ಆಯಿತು. ಹೇಳಬೇಕೆಂದು ಬಾಯಿ ತೆರೆದೆ.

"ಅವಳು ಹೇಳೋಕೆ ನಾಚ್ಕೋತಾ ಇದಾಳೆ" ಎಂದ ಅಪ್ಪ. ತಟ್ಟೆಯಿಂದ ತಲೆ ಎತ್ತಿರಲಿಲ್ಲ. "ಅಂಗಡಿಯಮ್ಮ ಕೇಳಿದ್ರಂತೆ, ನಿಮ್ಮಪ್ಪ ಇರೋ ಮನೇಲಿ ಕೀ ಇಡೋದು ಹೆಂಗೆ ಅಂತ. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನನ್ನಂಥೋನು ಇರೋ ಕಡೆ ಯಾರು ತಾನೆ ಕೀ ಕೊಡ್ತಾರೆ."

ನಾನು ಆ ಮಾತನ್ನು ಅಪ್ಪನಿಗೆ ಹೇಳಿರಲೇ ಇಲ್ಲ. ತಾನೇ ಊಹಿಸಿ ಹೇಳಿದ್ದ, ಅಕ್ಷರಕ್ಕೆ ಅಕ್ಷರ ಸರಿಯಾಗಿ. ಜನ ತನ್ನ ಬಗ್ಗೆ ಏನನ್ನುತ್ತಾರೆ ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು.

ಅಮ್ಮ ಸೌಟು ಪಾತ್ರೆಗೆ ಎಸೆದಳು. "ನಿಮ್ಮ ಕೆಲಸಾನೂ ಕಳ್ಕೊಂಡ್ರಿ, ನಮ್ಮ ಮಾನಾನೂ ಕಳೆದ್ರಿ, ಈಗ ಮಗನ ಹೊಟ್ಟೆ ಮೇಲೂ ಹೊಡೆದ್ರಲ್ಲ! ಇನ್ನೇನು ಬಾಕಿ ಇದೆ ರೀ ನಿಮ್ದು?"

ತಮ್ಮನ ಮುಖದಲ್ಲಿ ಬಿಗಿ ಸಡಿಲವಾದದ್ದನ್ನು ನಾನು ನೋಡಿದೆ. ಅವನು ಒಂದು ಗುಟುಕು ನೀರು ಕುಡಿದ. ಆಮೇಲೆ ಅಮ್ಮನ ಕೈ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಮ್ಮ. ಅಪ್ಪನ್ನ ಏನೂ ಅನ್ಬೇಡ. ಆಗಿದ್ದು ಆಗೋಯ್ತು, ನಾನು ಅದನ್ನೆಲ್ಲ ಮನಸ್ಸಲ್ಲಿ ಇಟ್ಕೊಂಡಿಲ್ಲ" ಎಂದ.

"ನೋಡಿದ್ರಾ? ಇಂಥ ಮಗನ್ನ ಹೆತ್ತಿದೀನಿ ನಾನು" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನ್ನ ಮೈಯೆಲ್ಲ ಉರಿಯಿತು. ತಟ್ಟೆ ಸರಿಸಿ ಎದ್ದು ನಿಂತೆ. "ಅಮ್ಮ, ನಿಲ್ಲು. ನಾನೊಂದು ಮಾತು..."

"ಏನು? ನಿಮ್ಮಪ್ಪ ಹೇಳಿದ್ದು ಸುಳ್ಳಾ?" ಅಮ್ಮ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಒಂದು ಆಸೆ ಇತ್ತು, ಸುಳ್ಳು ಎಂದು ನಾನು ಅಂದರೆ ಸಾಕು ಎನ್ನುವ ಆಸೆ. ತಮ್ಮನೋ ಬೆರಳುಗಳನ್ನು ತಟ್ಟೆಯ ಅಂಚಿಗೆ ಒತ್ತಿಕೊಂಡು ಕೂತಿದ್ದ. "ಅಂಗಡಿಯಮ್ಮ ಹಂಗೆ ಅಂದೇ ಇಲ್ವಾ? ಹೇಳೇ!" ಎಂದಳು ಅಮ್ಮ.

ಅಪ್ಪ ಆಗ ತಲೆ ಎತ್ತಿ ನನ್ನನ್ನು ನೋಡಿದ. ಬೇಡಿಕೊಳ್ಳಲಿಲ್ಲ, ಕಣ್ಣಸನ್ನೆ ಮಾಡಲಿಲ್ಲ. ಗೋದಾಮಿನ ಯಜಮಾನರ ಎದುರಿಗೂ ಹೀಗೆಯೇ ನಿಂತಿದ್ದನೇನೋ, ಎಷ್ಟು ಭಾರ ಹೊರಿಸಿದರೂ ಸರಿ ಎನ್ನುವ ಹಾಗೆ. ನಾನು ಹೇಳಿದರೆ ಅಮ್ಮನಿಗೆ ಗಂಡ ಸಿಗುತ್ತಿದ್ದ, ಮಗ ಹೋಗುತ್ತಿದ್ದ. ಅವನು ಹೊತ್ತದ್ದೆಲ್ಲ ಅವತ್ತು ಆ ಊಟದ ಹೊತ್ತಿಗೇ ನೀರಿಗೆ ಹಾಕಿದಂತಾಗುತ್ತಿತ್ತು.

"ಅಂದಿದ್ದು ನಿಜ ಅಮ್ಮ" ಎಂದೆ. "ಅಪ್ಪನ ಮೇಲೇ ಅನುಮಾನ ಅವರಿಗೆ."

ಅಮ್ಮ ಅಳುತ್ತ ಒಳಗೆ ಹೋದಳು. ತಮ್ಮ ಸದ್ದಿಲ್ಲದೆ ಊಟ ಮುಂದುವರಿಸಿದ. ಅಪ್ಪ ನೀರಿನ ಚೊಂಬನ್ನು ನನ್ನ ಕಡೆ ಸರಿಸಿ, "ಕೂತ್ಕೊಂಡು ಊಟ ಮಾಡು" ಎಂದ.